ಡಿಕ್ಕಿಯ ತಲೆಗೆ ಕಟ್ಟಿದ ತಪ್ಪು

1980ರ ದಶಕದ ಮೊದಲ ಭಾಗದಲ್ಲಿ ಅಮೆರಿಕದ ಯಾವುದಾದರೂ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗಕ್ಕೆ ಹೊಸ ಯಂತ್ರ ಬಂದಿಳಿಯಿತೆಂದರೆ, ಅದನ್ನು ನೆಟ್‌ವರ್ಕಿಗೆ ಸೇರಿಸುವ ಹೊಣೆ ಹೊತ್ತವರು ಮೊದಲು ಏಣಿ ಹುಡುಕಬೇಕಿತ್ತು. ಫಾಲ್ಸ್ ಸೀಲಿಂಗಿನ ಮೇಲೆ, ಧೂಳು ಮತ್ತು ಟ್ಯೂಬ್‌ಲೈಟಿನ ವೈರುಗಳ ನಡುವೆ, ಕಿರುಬೆರಳಿನಷ್ಟು ದಪ್ಪದ ಹಳದಿ ಕೇಬಲ್ ಮಲಗಿರುತ್ತಿತ್ತು. ಎರಡೂವರೆ ಮೀಟರಿಗೊಂದರಂತೆ ಅದರ ಮೈಮೇಲೆ ಕಪ್ಪು ಗುರುತು. ಆ ಗುರುತು ಇರುವಲ್ಲೇ ಒಂದು ಹಿಡಿಕೆ ಬಿಗಿದು, ಹೊರಗಿನ ಪ್ಲಾಸ್ಟಿಕ್ಕು, ಅದರೊಳಗಿನ ಲೋಹದ ಹೆಣಿಗೆ, ಅದಕ್ಕೂ ಒಳಗಿನ ನಿರೋಧಕ ಪದರ ಎಲ್ಲವನ್ನೂ ಸಣ್ಣ ಕೊರೆಯುಳಿಯಿಂದ ತೂತು ಮಾಡಿ, ನಡುವಿನ ತಾಮ್ರದ ಸರಿಗೆಗೆ ಸೂಜಿಯೊಂದು ತಾಗುವಂತೆ ಕೂರಿಸಬೇಕು. ವ್ಯಾಂಪೈರ್ ಟ್ಯಾಪ್ ಎಂದು ಇದಕ್ಕೆ ಹೆಸರು. ನೆಟ್‌ವರ್ಕ್ ಓಡುತ್ತಿರುವಾಗಲೇ ಇಷ್ಟನ್ನೂ ಮಾಡಬಹುದು ಎಂಬುದು ಮಾರುವವರ ಹೆಮ್ಮೆಯ ಮಾತಾಗಿತ್ತು. ಹೆಣಿಗೆಯ ಒಂದೇ ಒಂದು ಎಳೆ ತುಂಡಾಗಿ ಒಳಗಿನ ಸರಿಗೆಗೆ ತಾಗಿತೋ, ಐನೂರು ಮೀಟರ್ ಉದ್ದದ ಆ ಕೇಬಲ್ಲಿನ ಮೇಲಿದ್ದ ಎಲ್ಲ ಯಂತ್ರಗಳೂ ಒಟ್ಟಿಗೆ ಬಾಯಿ ಮುಚ್ಚುತ್ತಿದ್ದವು. ಆಗ ಕೆಳಗಿನಿಂದ ಕೇಳಿಬರುತ್ತಿದ್ದ ಕೂಗನ್ನು ಏಣಿಯ ಮೇಲಿದ್ದವರು ಸುಲಭಕ್ಕೆ ಮರೆಯುತ್ತಿರಲಿಲ್ಲ.

ಈಥರ್ನೆಟ್ ಎಂಬ ಈ ವ್ಯವಸ್ಥೆ ಇಂದು ಗೆದ್ದು ಕೂತಿದೆ. ಗೆದ್ದವರ ಚರಿತ್ರೆ ಬರೆಯುವಾಗ ಎಲ್ಲ ಸರಾಗವಾಗಿ ನಡೆಯಿತೆಂಬ ಭಾವ ತಾನಾಗಿಯೇ ಬಂದುಬಿಡುತ್ತದೆ. ನಡೆದದ್ದು ಬೇರೆ. ಮೊದಲ ಹದಿನೈದು ವರ್ಷ ಈ ನೆಟ್‌ವರ್ಕುಗಳು ಆಗಾಗ ಕೈಕೊಡುತ್ತಿದ್ದವು, ನಿಧಾನವಾಗುತ್ತಿದ್ದವು, ಕೆಲವೊಮ್ಮೆ ಯಾವ ಸುಳಿವನ್ನೂ ಕೊಡದೆ ದತ್ತಾಂಶವನ್ನೇ ಕೆಡಿಸುತ್ತಿದ್ದವು. ಪ್ರತಿ ಸಲವೂ ಎಲ್ಲರ ಬೆರಳು ಒಂದೇ ಕಡೆ ತಿರುಗುತ್ತಿತ್ತು: ಡಿಕ್ಕಿ. ಒಂದೇ ಕೇಬಲ್ಲಿನ ಮೇಲೆ ಇಬ್ಬರು ಏಕಕಾಲಕ್ಕೆ ಮಾತಾಡಿದರೆ ಮಾತು ಕಲಸಿಹೋಗುತ್ತದಲ್ಲ, ಆ ಕೊಲಿಷನ್. ನನ್ನ ಮಟ್ಟಿಗೆ ಹೇಳುವುದಾದರೆ, ತಂತ್ರಜ್ಞಾನದ ಚರಿತ್ರೆಯಲ್ಲಿ ಇಷ್ಟು ದೀರ್ಘಕಾಲ ನಿರಪರಾಧಿಯೊಬ್ಬ ಕಟಕಟೆಯಲ್ಲಿ ನಿಂತ ಉದಾಹರಣೆ ವಿರಳ. ನಿಜವಾದ ಅಪರಾಧಿಗಳು ಹಲವರಿದ್ದರು. ಎಲ್ಲರ ಕೈಯಲ್ಲೂ ‘ನಾನು ನಿಯಮದಂತೆಯೇ ಇದ್ದೇನೆ’ ಎನ್ನುವ ಪ್ರಮಾಣಪತ್ರವಿತ್ತು.

ಡಿಕ್ಕಿಯ ಮೇಲೆ ಅನುಮಾನ ಹುಟ್ಟಿದ್ದಕ್ಕೆ ಕಾರಣವಿಲ್ಲದಿಲ್ಲ. 1973ರ ಮೇ 22ರಂದು, ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿದ್ದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಬಾಬ್ ಮೆಟ್‌ಕಾಫ್ ಒಂದು ಟಿಪ್ಪಣಿ ಬರೆದರು. ಹವಾಯಿ ದ್ವೀಪಗಳ ನಡುವೆ ನಾರ್ಮನ್ ಅಬ್ರಾಮ್ಸನ್ ನಡೆಸಿದ್ದ ‘ಅಲೋಹಾ’ ರೇಡಿಯೊ ಜಾಲದ ಉಪಾಯವನ್ನು ತಂತಿಯೊಳಕ್ಕೆ ತರುವುದು ಅವರ ಯೋಚನೆ. ಮಾತಾಡುವ ಮುನ್ನ ಕಿವಿಗೊಡು, ಕೇಬಲ್ ಸುಮ್ಮನಿದ್ದರೆ ಮಾತಾಡು, ಮಾತಾಡುತ್ತಲೇ ಕೇಳಿಸಿಕೋ, ಡಿಕ್ಕಿಯಾದರೆ ನಿಲ್ಲಿಸಿ, ಮನಬಂದಷ್ಟು ಹೊತ್ತು ಕಾದು ಮತ್ತೆ ಪ್ರಯತ್ನಿಸು. ಡೇವಿಡ್ ಬಾಗ್ಸ್ ಜೊತೆಗೂಡಿ ಅದನ್ನು ಕಟ್ಟಿದರು. ಸೆಕೆಂಡಿಗೆ 2.94 ಮೆಗಾಬಿಟ್ ವೇಗ. ‘ಅಲೋಹಾ’ದಲ್ಲಿ ಕಿವಿಗೊಡುವ ಪದ್ಧತಿ ಇರಲಿಲ್ಲವಾಗಿ ಅದರ ಸುಧಾರಿತ ರೂಪದಲ್ಲೂ ಸಾಮರ್ಥ್ಯದ ಶೇ. 37ರಷ್ಟನ್ನು ಮಾತ್ರ ಬಳಸಬಹುದಿತ್ತು. ಈ 37 ಎಂಬ ಅಂಕಿ ಮುಂದೆ ಈಥರ್ನೆಟ್‌ನ ಬೆನ್ನು ಬಿಡಲಿಲ್ಲ. ‘ಈಥರ್ನೆಟ್ ಶೇ. 37 ದಾಟಿದರೆ ಕುಸಿಯುತ್ತದೆ’ ಎಂಬ ಮಾತು ಮಾರಾಟದ ಕೋಣೆಗಳಲ್ಲಿ ಓಡಾಡಿತು. ಎದುರಾಳಿಗಳಿಗಂತೂ ಅದು ವರದಾನ.

ಈ ನಡುವೆ ಜೆರಾಕ್ಸ್ ಜೊತೆ ಡಿಜಿಟಲ್ ಮತ್ತು ಇಂಟೆಲ್ ಸೇರಿದ್ದವು. ಮೂರೂ ಕಂಪನಿಗಳು 1980ರ ಸೆಪ್ಟೆಂಬರ್ 30ರಂದು ಸೆಕೆಂಡಿಗೆ 10 ಮೆಗಾಬಿಟ್ ವೇಗದ ಈಥರ್ನೆಟ್‌ನ ನಿಯಮಪುಸ್ತಕವನ್ನು ಹೊರಡಿಸಿದವು. ಯಾರು ಬೇಕಾದರೂ ಓದಿ ಯಂತ್ರ ಮಾಡಿ ಮಾರಬಹುದು ಎಂಬುದೇ ಅದರ ದೊಡ್ಡತನ, ಅದರ ತಲೆನೋವಿಗೂ ಅದೇ ಮೂಲ. 1982ರಲ್ಲಿ ಎರಡನೇ ಆವೃತ್ತಿ ಬಂತು. 1983ರಲ್ಲಿ ಐಇಇಇ ಸಂಸ್ಥೆಯ 802.3 ಸಮಿತಿ ತನ್ನದೇ ಆವೃತ್ತಿಗೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಗಳಲ್ಲಿ ಮೂರು ಈಥರ್ನೆಟ್. ಮೂರರ ಕೇಬಲ್ಲೂ ಒಂದೇ, ಹದಿನೈದು ಪಿನ್ನಿನ ಕನೆಕ್ಟರೂ ಒಂದೇ. ಹೊರಗಿನಿಂದ ನೋಡಿದರೆ ಅವಳಿ ಮಕ್ಕಳಷ್ಟು ಸಾಮ್ಯ.

ಒಳಗೆ ಏನಿತ್ತೆಂದು ಸ್ವಲ್ಪ ಹತ್ತಿರದಿಂದ ನೋಡೋಣ. ಹಳದಿ ಕೇಬಲ್ಲಿಗೆ ಕಚ್ಚಿಕೊಂಡ ಪೆಟ್ಟಿಗೆಯ ಹೆಸರು ಟ್ರಾನ್ಸೀವರ್. ಅಲ್ಲಿಂದ ಇಳಿದ ಇನ್ನೊಂದು ಕೇಬಲ್, ಹೆಚ್ಚೆಂದರೆ 50 ಮೀಟರ್, ಕಂಪ್ಯೂಟರಿನ ಕಾರ್ಡಿಗೆ ಸೇರುತ್ತದೆ. ಡಿಕ್ಕಿಯನ್ನು ಗುರುತಿಸಿ ಕಂಪ್ಯೂಟರಿಗೆ ಹೇಳುವುದು ಟ್ರಾನ್ಸೀವರಿನ ಕೆಲಸ. ಆದರೆ ಹಾಗೆ ಹೇಳುವ ತಂತಿಯೇ ಕಿತ್ತುಹೋಗಿದ್ದರೆ? ಆ ಕಂಪ್ಯೂಟರು ಡಿಕ್ಕಿಯ ಪರಿವೆಯಿಲ್ಲದೆ ಎಲ್ಲರ ಮೇಲೆ ಮಾತು ಹೇರುತ್ತಾ ಹೋಗುತ್ತದೆ. ಇದಕ್ಕೆ ಎರಡನೇ ಆವೃತ್ತಿಯವರು ಒಂದು ಉಪಾಯ ಹೂಡಿದರು. ಪ್ರತಿ ಪ್ಯಾಕೆಟ್ ಕಳಿಸಿದ ಮರುಕ್ಷಣ, ಡಿಕ್ಕಿಯ ತಂತಿಯ ಮೇಲೆ ಟ್ರಾನ್ಸೀವರ್ ಸಣ್ಣದೊಂದು ಸಂಕೇತ ಮಿಡಿಯಬೇಕು: ನಾನು ಬದುಕಿದ್ದೇನೆ, ತಂತಿ ನೆಟ್ಟಗಿದೆ ಎಂದು ತಿಳಿಸಲು. ಹಾರ್ಟ್‌ಬೀಟ್ ಎಂಬ ಹೆಸರು ಅದಕ್ಕೆ ಅಂಟಿಕೊಂಡಿತು. ಒಳ್ಳೆಯ ಉಪಾಯವೇ. ಆದರೆ ಮೊದಲ ಆವೃತ್ತಿಯ ಕಾರ್ಡುಗಳಿಗೆ ಈ ಮಿಡಿತದ ಅರ್ಥ ಗೊತ್ತಿರಲಿಲ್ಲ. ಅವಕ್ಕೆ ಅದು ಅಪ್ಪಟ ಡಿಕ್ಕಿಯ ಸುದ್ದಿ. ಹೊಸ ಕಾರ್ಡಿಗೆ ಹಳೆಯ ಟ್ರಾನ್ಸೀವರ್ ಜೋಡಿಸಿದರೆ ಇದಕ್ಕೆ ತದ್ವಿರುದ್ಧ: ಮಿಡಿತವೇ ಇಲ್ಲ, ಏನೋ ಕೆಟ್ಟಿದೆ ಎಂದು ಅದು ದೋಷದ ಲೆಕ್ಕ ಏರಿಸುತ್ತಾ ಕೂರುತ್ತಿತ್ತು.

ಇದಕ್ಕಿಂತ ಕೆಟ್ಟ ಗತಿ ರಿಪೀಟರುಗಳದ್ದು. ಒಂದು ಕೇಬಲ್ಲಿನ ಸಂಕೇತವನ್ನು ಇನ್ನೊಂದಕ್ಕೆ ದಾಟಿಸುವ ಈ ಪೆಟ್ಟಿಗೆ, ಒಂದು ಬದಿಯಲ್ಲಿ ಡಿಕ್ಕಿ ಕಂಡರೆ ಎರಡೂ ಬದಿಯಲ್ಲಿ ಗದ್ದಲ ಎಬ್ಬಿಸಿ ಎಲ್ಲರಿಗೂ ತಿಳಿಸಬೇಕೆಂಬುದು ನಿಯಮ. ಅದಕ್ಕೆ ಜೋಡಿಸಿದ ಟ್ರಾನ್ಸೀವರಿನಲ್ಲಿ ಹಾರ್ಟ್‌ಬೀಟ್ ಸ್ವಿಚ್ಚು ಆನ್ ಆಗಿಬಿಟ್ಟಿದ್ದರೆ, ಪ್ರತಿ ಪ್ಯಾಕೆಟ್ ಆದಮೇಲೂ ರಿಪೀಟರಿಗೆ ಡಿಕ್ಕಿ ಕಂಡಂತಾಗಿ ಗದ್ದಲ ಏಳುತ್ತಿತ್ತು. ನೆಟ್‌ವರ್ಕ್ ಸಾಯುತ್ತಿರಲಿಲ್ಲ, ಕುಂಟುತ್ತಿತ್ತು. ಲೆಕ್ಕ ತೆಗೆದು ನೋಡಿದರೆ ರಾಶಿ ರಾಶಿ ಡಿಕ್ಕಿಗಳು. ‘ಯಂತ್ರಗಳು ಹೆಚ್ಚಾಗಿವೆ, ಈಥರ್ನೆಟ್ ತಡೆಯುತ್ತಿಲ್ಲ’ ಎಂದು ವರದಿ ಬರೆದವರೆಷ್ಟೋ. ಟ್ರಾನ್ಸೀವರಿನ ಮೈಮೇಲಿದ್ದ ಸಾಸಿವೆ ಕಾಳಿನಷ್ಟು ಸ್ವಿಚ್ಚನ್ನು ಆ ಕಡೆಯಿಂದ ಈ ಕಡೆಗೆ ತಳ್ಳಿದ್ದರೆ ಮುಗಿಯುತ್ತಿತ್ತು. ಆ ಟ್ರಾನ್ಸೀವರೋ, ಮತ್ತೆ ಏಣಿಯ ಮೇಲೆ.

ಕನೆಕ್ಟರಿನ ಕತೆ ಹೇಳದೆ ಮುಂದೆ ಹೋಗುವಂತಿಲ್ಲ. ಹದಿನೈದು ಪಿನ್ನಿನ ಆ ಕನೆಕ್ಟರಿಗೆ ತಿರುಪು ಇರಲಿಲ್ಲ, ಸರಿಸಿ ಸಿಕ್ಕಿಸುವ ತಗಡಿನ ಕೊಂಡಿಯಿತ್ತು. ತಿರುಪುಳಿ ಇಲ್ಲದೆಯೇ ಜೋಡಿಸಬಹುದು ಎಂಬ ಸದುದ್ದೇಶ. ಟ್ರಾನ್ಸೀವರ್ ಕೇಬಲ್ಲೋ ದಪ್ಪ, ಬಿಗಿ, ಭಾರ. ಯಾರದೋ ಕುರ್ಚಿ ತಗುಲಿತು, ಕೇಬಲ್ ತನ್ನ ಭಾರಕ್ಕೇ ಒಂದಿಷ್ಟು ಜಾರಿತು, ಕೊಂಡಿ ಸಡಿಲಾಯಿತು. ಪೂರ್ತಿ ಕಳಚಿ ಬಿದ್ದಿದ್ದರೆ ಕಣ್ಣಿಗಾದರೂ ಕಾಣುತ್ತಿತ್ತು. ಅರ್ಧ ಕಳಚಿಕೊಂಡು ಕೆಲವು ಪಿನ್ನು ತಾಗಿ, ಕೆಲವು ತಾಗದೆ ಉಳಿದ ಕನೆಕ್ಟರುಗಳು ನೆಟ್‌ವರ್ಕ್ ನೋಡಿಕೊಳ್ಳುವವರ ನಿದ್ದೆ ಕೆಡಿಸಿದವು. ಮೊದಲ ಆವೃತ್ತಿಗೂ 802.3ಗೂ ಈ ಕೇಬಲ್ಲಿನ ಮೇಲಿನ ವಿದ್ಯುತ್ ಸಂಕೇತದ ರೀತಿಯಲ್ಲೂ ವ್ಯತ್ಯಾಸ. ತಂತಿ ಸುಮ್ಮನಿರುವಾಗ ಅದರ ಮೇಲೆ ಎಷ್ಟು ವೋಲ್ಟೇಜ್ ಇರಬೇಕೆಂಬುದರಲ್ಲೇ ಒಮ್ಮತವಿಲ್ಲ. ಎರಡೂ ತಲೆಮಾರಿನ ಉಪಕರಣ ಬೆರೆಸಿ ಜೋಡಿಸಿದರೆ ಕೆಲವು ಜೋಡಿ ಓಡುತ್ತಿದ್ದವು, ಕೆಲವು ಓಡುತ್ತಿರಲಿಲ್ಲ, ಕೆಲವು ಬೆಳಿಗ್ಗೆ ಓಡಿ ಮಧ್ಯಾಹ್ನ ನಿಲ್ಲುತ್ತಿದ್ದವು.

ಪ್ಯಾಕೆಟ್ಟಿನ ಒಳಗೂ ಜಗಳ ಎರಡು ಬೈಟಿನದು. ಪ್ರತಿ ಪ್ಯಾಕೆಟ್ಟಿನ ಮೊದಲಿಗೆ ಯಾರಿಗೆ, ಯಾರಿಂದ ಎಂಬ ವಿಳಾಸಗಳು. ಆಮೇಲೆ ಎರಡು ಬೈಟ್. ಜೆರಾಕ್ಸ್ ಬಳಗದ ಪ್ರಕಾರ ಆ ಎರಡು ಬೈಟು ಒಳಗಿನ ಸರಕು ಯಾವ ಜಾತಿಯದೆಂದು ಹೇಳುತ್ತದೆ. 802.3 ಸಮಿತಿಯ ಪ್ರಕಾರ ಅದೇ ಎರಡು ಬೈಟು ಸರಕಿನ ಉದ್ದ ಹೇಳುತ್ತದೆ. ಸರಕು 1500 ಬೈಟ್ ಮೀರುವಂತಿಲ್ಲವಾದ್ದರಿಂದ, 1500ಕ್ಕಿಂತ ದೊಡ್ಡ ಸಂಖ್ಯೆ ಬಂದರೆ ಅದು ಜಾತಿ, ಚಿಕ್ಕದಾದರೆ ಉದ್ದ ಎಂದು ರಾಜಿಯಾಯಿತು. ಜೆರಾಕ್ಸ್‌ನವರ ಹಳೆಯ ‘ಪಪ್’ ಪ್ರೋಟೊಕಾಲ್‌ಗೆ ಕೊಟ್ಟಿದ್ದ ಸಂಖ್ಯೆ 512 ಈ ರಾಜಿಗೆ ಅಡ್ಡ ಬಂದದ್ದರಿಂದ ಅದನ್ನು ಬೇರೆ ಸಂಖ್ಯೆಗೆ ಸ್ಥಳಾಂತರಿಸಬೇಕಾಯಿತು. ಇಂಟರ್ನೆಟ್ ಪ್ಯಾಕೆಟ್ಟುಗಳು ಮೊದಲಿನಿಂದಲೂ ಜಾತಿ ಪದ್ಧತಿಯನ್ನೇ ಹಿಡಿದು ನಡೆದವು. ಸಮಿತಿ ಅದನ್ನು ತನ್ನ ಪುಸ್ತಕದಲ್ಲಿ ಅಧಿಕೃತವಾಗಿ ಒಪ್ಪಿಕೊಂಡದ್ದು 1997ರಲ್ಲಿ. ಜಗತ್ತಿನ ಬಹುಪಾಲು ಈಥರ್ನೆಟ್ ಅಲ್ಲಿಯವರೆಗೆ ಕಟ್ಟುನಿಟ್ಟಿನ ಅರ್ಥದಲ್ಲಿ ನಿಯಮಬಾಹಿರವಾಗಿಯೇ ಓಡುತ್ತಿತ್ತು!

ನೋವೆಲ್ ಕಂಪನಿಯ ಪ್ರಕರಣ ಇದಕ್ಕಿಂತ ಸ್ವಾರಸ್ಯ. ಸಮಿತಿಯ ಕೆಲಸ ಪೂರ್ತಿಯಾಗುವ ತನಕ ಕಾಯದೆ, ಉದ್ದದ ಎರಡು ಬೈಟಾದ ಕೂಡಲೇ ತನ್ನ ಪ್ಯಾಕೆಟ್ಟನ್ನು ನೇರವಾಗಿ ತುರುಕಿಬಿಟ್ಟಿತು. ಅದರ ನೆಟ್‌ವೇರ್ ಎಂಬ ನೆಟ್‌ವರ್ಕ್ ಸಾಫ್ಟ್‌ವೇರ್ ಜಗತ್ತಿನಾದ್ಯಂತ ಕಚೇರಿಗಳಲ್ಲಿ ನೆಲೆಯೂರಿತು. 1993ರ ಸುಮಾರಿಗೆ ಹೊರಬಂದ ಹೊಸ ಆವೃತ್ತಿಗಳಲ್ಲಿ ಕಂಪನಿಯೇ ನೆಟ್ಟಗಾಗಿ, ಸಮಿತಿಯ ಪೂರ್ಣ ಪದ್ಧತಿಯನ್ನು ಡೀಫಾಲ್ಟ್ ಮಾಡಿತು. ಹೊಸ ಸರ್ವರು, ಹಳೆಯ ಡಾಸ್ ಯಂತ್ರಗಳು. ಕೇಬಲ್ ಸರಿ, ಕಾರ್ಡು ಸರಿ, ದೀಪ ಉರಿಯುತ್ತಿದೆ, ಆದರೂ ಫೈಲ್ ಸರ್ವರ್ ಸಿಗುತ್ತಿಲ್ಲ ಎಂಬ ಒಂದು ಸಾಲು ಪರದೆಯ ಮೇಲೆ. ತೊಂಬತ್ತರ ದಶಕದಲ್ಲಿ ನಮ್ಮೂರುಗಳ ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲಿ ನೆಟ್‌ವೇರ್ ಕಲಿತವರಿಗೆ ಆ ಸಾಲಿನ ಪರಿಚಯ ಇರದೆ ಇರಲಾರದು. ಪರಿಹಾರ ಒಂದು ಫೈಲಿನಲ್ಲಿ ಒಂದು ಸಾಲು ಬದಲಿಸುವುದಷ್ಟೇ. ಎಲ್ಲಿ ಎಂದು ಗೊತ್ತಾಗುವ ಹೊತ್ತಿಗೆ ಸಂಜೆಯಾಗಿರುತ್ತಿತ್ತು.

ಬರ್ಕ್‌ಲಿ ವಿಶ್ವವಿದ್ಯಾಲಯದ ಯುನಿಕ್ಸ್ ಕೂಡ ಈ ಗೊಂದಲಕ್ಕೆ ತನ್ನ ಪಾಲು ಸೇರಿಸಿತು. 1983ರಲ್ಲಿ ಬಂದ 4.2ಬಿಎಸ್‌ಡಿ ವಿಶ್ವವಿದ್ಯಾಲಯಗಳಲ್ಲಿ ಇಂಟರ್ನೆಟ್ ಪ್ರೋಟೊಕಾಲನ್ನು ಹರಡಿದ ಮಹೋಪಕಾರಿ. ಅದರಲ್ಲಿ ಜಾಣತನದ ಒಂದು ತಂತ್ರವಿತ್ತು. ಪ್ಯಾಕೆಟ್ಟಿನ ತಲೆಬರಹವನ್ನು ತಲೆಯಲ್ಲಿಡದೆ ಬಾಲದಲ್ಲಿಟ್ಟರೆ, ಬಂದ ದತ್ತಾಂಶ ವ್ಯಾಕ್ಸ್ ಯಂತ್ರದ ಮೆಮರಿ ಪುಟದ ಅಂಚಿಗೆ ಸರಿಯಾಗಿ ಕೂರುತ್ತದೆ, ನಕಲು ಮಾಡುವ ಶ್ರಮ ಉಳಿಯುತ್ತದೆ. ದತ್ತಾಂಶ 512 ಬೈಟಿನ ಗುಣಕವಾಗಿದ್ದಾಗ ಮಾತ್ರ ಈ ತಂತ್ರ ಜಾರಿಗೆ ಬರುತ್ತಿತ್ತು. ಇದನ್ನರಿಯದ ಬೇರೆ ಕಂಪನಿಯ ಯಂತ್ರ ಅದೇ ಕೇಬಲ್ಲಿನಲ್ಲಿ ಇದ್ದರೆ ಏನಾಗುತ್ತದೆ ನೋಡಿ. ಲಾಗಿನ್ ಆಗುತ್ತದೆ. ಟೈಪ್ ಮಾಡಿದ ಅಕ್ಷರಗಳು ಹೋಗಿ ಬರುತ್ತವೆ, ಏಕೆಂದರೆ ಅವು ಚಿಕ್ಕ ಪ್ಯಾಕೆಟ್ಟುಗಳು. ಉದ್ದನೆಯ ಫೈಲೊಂದನ್ನು ತೆರೆಯಲು ಹೇಳಿದ ಕ್ಷಣ ಎಲ್ಲ ಸ್ತಬ್ಧ. ಮತ್ತೆ ಲಾಗಿನ್, ಮತ್ತೆ ಸರಿ, ಮತ್ತೆ ಸ್ತಬ್ಧ. ಇಂಥ ರೋಗಲಕ್ಷಣ ಕಂಡವರು ಕೇಬಲ್ಲನ್ನು ಸಂಶಯಿಸುವುದು ಸಹಜ. ಕೇಬಲ್ಲನ್ನೇ ಬದಲಿಸಿದವರೂ ಇದ್ದರು.

ಅದೇ 4.2ರಲ್ಲಿ ‘ಎಲ್ಲರಿಗೂ’ ಎಂಬ ವಿಳಾಸವನ್ನು ಕೊನೆಯಲ್ಲಿ ಬರೀ ಸೊನ್ನೆಗಳನ್ನಿಟ್ಟು ಬರೆಯುತ್ತಿದ್ದರು. 1984ರಲ್ಲಿ ಜೆಫ್ರಿ ಮೊಗುಲ್ ಬರೆದ ನಿಯಮದಂತೆ ಅಲ್ಲಿ ಬರೀ ಒಂದುಗಳಿರಬೇಕು, 1986ರ 4.3ಬಿಎಸ್‌ಡಿ ಹಾಗೆಯೇ ಬಂತು. ಹಳತೂ ಹೊಸತೂ ಒಂದೇ ಕೇಬಲ್ಲಿನಲ್ಲಿ ಸೇರಿದವು. ಹೊಸ ಯಂತ್ರ ‘ಎಲ್ಲರಿಗೂ’ ಎಂದು ಕೂಗಿದರೆ ಹಳೆಯ ಯಂತ್ರಕ್ಕೆ ಅದು ಯಾರೋ ಅಪರಿಚಿತನ ವಿಳಾಸ. ಹಳೆಯ ಯಂತ್ರದಲ್ಲಿ ಇನ್ನೊಂದು ಪರೋಪಕಾರ ಬುದ್ಧಿಯೂ ಇತ್ತು: ತನ್ನದಲ್ಲದ ಪ್ಯಾಕೆಟ್ ಕೈಗೆ ಬಂದರೆ ಅದನ್ನು ವಾರಸುದಾರನಿಗೆ ತಲುಪಿಸಲು ಹೊರಡುವುದು. ಹಾಗಾಗಿ ಆ ಕೇಬಲ್ಲಿನಲ್ಲಿದ್ದ ಅಷ್ಟೂ ಹಳೆಯ ಯಂತ್ರಗಳು ಒಂದೇ ಕ್ಷಣದಲ್ಲಿ ಎದ್ದು ನಿಂತು, ‘ಈ ವಿಳಾಸದವನು ಯಾರಪ್ಪಾ?’ ಎಂದು ಒಟ್ಟಿಗೆ ಕೂಗುತ್ತಿದ್ದವು. ಒಟ್ಟಿಗೆ ಕೂಗಿದರೆ ಡಿಕ್ಕಿ ಆಗದೆ ಇರುತ್ತದೆಯೇ? ಕೆಲವು ನಿಮಿಷಕ್ಕೊಮ್ಮೆ ಯಾರು ಯಾರು ಕೆಲಸದಲ್ಲಿದ್ದಾರೆಂದು ಸಾರುವ ಪುಟ್ಟ ಪ್ರೋಗ್ರಾಮೊಂದು ಎಲ್ಲ ಯಂತ್ರಗಳಲ್ಲೂ ಓಡುತ್ತಿದ್ದುದರಿಂದ ಇಂಥ ಬಿರುಗಾಳಿಗಳು ದಿನವಿಡೀ ಏಳುತ್ತಿದ್ದವು. ಕೇಬಲ್ ಹೊತ್ತದ್ದು ನಾಲ್ಕು ಜನ ಪ್ರೋಗ್ರಾಮರುಗಳು ಬೇರೆ ಬೇರೆ ಊಹೆ ಮಾಡಿಕೊಂಡದ್ದರ ಫಲವನ್ನು.

ಕಾರ್ಡುಗಳ ಚಾಳಿಗಳನ್ನೂ ನೋಡಬೇಕು. 1982ರಲ್ಲಿ ಮೆಟ್‌ಕಾಫ್ ಅವರದೇ ಕಂಪನಿ ತ್ರೀಕಾಮ್, ಐಬಿಎಂ ಪಿಸಿಗೆಂದು ಈಥರ್‌ಲಿಂಕ್ ಕಾರ್ಡು ತಂದಿತು. ಈಥರ್ನೆಟ್ ಮೇಜಿನ ಮೇಲಿನ ಪಿಸಿಗೆ ಇಳಿದದ್ದು ಅದರಿಂದಲೇ. ಆದರೆ 3ಸಿ501 ಎಂಬ ಅದರ ಮಾದರಿಯಲ್ಲಿ ಪ್ಯಾಕೆಟ್ ಇಟ್ಟುಕೊಳ್ಳಲು ಇದ್ದದ್ದು ಒಂದೇ ಒಂದು ಜಾಗ. ಕಳಿಸುವಾಗಲೂ ಅದೇ, ಪಡೆಯುವಾಗಲೂ ಅದೇ. ಬಂದ ಪ್ಯಾಕೆಟ್ಟನ್ನು ಪಿಸಿ ಎತ್ತಿಕೊಳ್ಳುವ ತನಕ ಮುಂದಿನದು ಬಂದರೆ ಅದಕ್ಕೆ ಬಾಗಿಲು ಮುಚ್ಚಿದೆ. ಎರಡು ಪ್ಯಾಕೆಟ್ಟುಗಳ ನಡುವೆ ನಿಯಮ ಕೊಡುವ ಬಿಡುವು ಕೇವಲ 9.6 ಮೈಕ್ರೊಸೆಕೆಂಡ್. ವೇಗದ ಸರ್ವರೊಂದು ನಿಯಮದಂತೆಯೇ ಒಂದರ ಹಿಂದೊಂದು ಕಳಿಸಿದರೆ ಈ ಕಾರ್ಡು ಮೊದಲನೆಯದನ್ನು ಹಿಡಿದು ಎರಡನೆಯದನ್ನು ಕಳೆದುಕೊಳ್ಳುತ್ತಿತ್ತು. ಕಳೆದದ್ದಕ್ಕೆ ಮತ್ತೆ ಕೇಳುವುದು, ಮತ್ತೆ ಕಳಿಸುವುದು, ಮತ್ತೆ ಕಳೆಯುವುದು. ಮುಂದಿನ ಮಾದರಿಗಳಲ್ಲಿ ಕಂಪನಿ ಇದನ್ನು ಸರಿಪಡಿಸಿತು. ಅಷ್ಟರಲ್ಲಿ 3ಸಿ501ರ ಹೆಸರು ಕೆಟ್ಟಿತ್ತು.

ಅಗ್ಗದ ಕಾರ್ಡುಗಳ ಯುಗ ಎನ್‌ಇ2000ದೊಂದಿಗೆ ಶುರು. ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿಯ ಚಿಪ್ಪಿನ ಸುತ್ತ ನೋವೆಲ್ ರೂಪಿಸಿದ ಸರಳ ವಿನ್ಯಾಸ ಅದು. ನಕಲು ಮಾಡುವುದು ಸುಲಭ, ಮಾಡಿದವರು ಲೆಕ್ಕವಿಲ್ಲ. ಅಸಲಿ ಕಾರ್ಡಿನ ನೆನಪುಚಿಪ್ಪಿನಲ್ಲಿ ಎರಡು ಗುರುತಿನ ಬೈಟುಗಳಿದ್ದವು. ನಕಲು ಮಾಡಿದವರಲ್ಲಿ ಕೆಲವರು ಅದನ್ನೇ ಬಿಟ್ಟರು. ಲಿನಕ್ಸ್‌ಗೆ ಈಥರ್ನೆಟ್ ಡ್ರೈವರುಗಳನ್ನು ಬರೆದ ಡೊನಾಲ್ಡ್ ಬೆಕರ್ ತಮ್ಮ ಕೋಡಿನಲ್ಲಿ ಕೆಟ್ಟ ನಕಲುಗಳಿಗೆಂದೇ ಒಂದು ಪಟ್ಟಿ ಇಟ್ಟುಕೊಳ್ಳಬೇಕಾಯಿತು. ಪಿಸಿಯೊಳಗೆ ಜಾಗದ ಜಗಳ ಬೇರೆ. ಕಾರ್ಡಿನ ಮೇಲಿನ ಜಂಪರನ್ನು ಐಆರ್‌ಕ್ಯು 3ರಲ್ಲಿ ಬಿಟ್ಟರೆ ಎರಡನೇ ಸೀರಿಯಲ್ ಪೋರ್ಟು ಅದನ್ನೇ ಕೇಳುತ್ತದೆ, ಮೌಸೋ ಮೋಡೆಮ್ಮೋ ಸಾಯುತ್ತದೆ. ವಿಳಾಸ 300ರಿಂದ 360ಕ್ಕೆ ಬದಲಿಸಿ ನಿಟ್ಟುಸಿರು ಬಿಡುವಷ್ಟರಲ್ಲಿ ಪ್ರಿಂಟರ್ ನಿಲ್ಲುತ್ತದೆ: ಎನ್‌ಇ2000ಕ್ಕೆ ಬೇಕಾದ 32 ಜಾಗಗಳು 360ರಿಂದ ಹಿಡಿದರೆ ಪ್ರಿಂಟರ್ ಪೋರ್ಟಿನ 378ನ್ನೂ ನುಂಗುತ್ತವೆ. ನೆಟ್‌ವರ್ಕ್ ಹಾಕಿಸಿದ ಮೇಲೆ ಪ್ರಿಂಟರ್ ಕೆಟ್ಟಿತು ಎಂಬ ದೂರಿನಲ್ಲಿ ಅಕ್ಷರಶಃ ಸತ್ಯವಿತ್ತು.

ಆ ಹೊತ್ತಿಗೆ ಹಳದಿ ಕೇಬಲ್ ಹೋಗಿ, 185 ಮೀಟರ್ ತನಕ ಎಳೆಯಬಹುದಾದ ತೆಳು ಕಪ್ಪು ಕೇಬಲ್ ಬಂದಿತ್ತು. ಪ್ರತಿ ಯಂತ್ರದ ಹಿಂದೆ ‘ಟಿ’ ಆಕಾರದ ಒಂದು ಕನೆಕ್ಟರ್, ಎರಡು ತುದಿಗೂ 50 ಓಮ್‌ನ ಟರ್ಮಿನೇಟರ್ ಎಂಬ ಪುಟ್ಟ ಟೊಪ್ಪಿಗೆ. ಟೊಪ್ಪಿಗೆ ಕಿತ್ತರೆ ಸಂಕೇತ ತುದಿಗೆ ಬಡಿದು ಹಿಂದಿರುಗಿ, ಕಳಿಸಿದವನ ಮಾತಿಗೇ ಡಿಕ್ಕಿ ಹೊಡೆಯುತ್ತದೆ. ಮೇಜು ಸರಿಸಲೆಂದು ಯಾರೋ ‘ಟಿ’ಯನ್ನೇ ಕಳಚಿದರೆ ಸಾಲಿನ ಮೂವತ್ತು ಯಂತ್ರವೂ ಹೋದಂತೆ. ಇನ್ನೂ ಒಂದು ಅಪಾಯ ಕಣ್ಣಿಗೆ ಕಾಣದ್ದು. ಡೇಟಾಪಾಯಿಂಟ್ ಕಂಪನಿ 1977ರಲ್ಲಿ ತಂದ ಆರ್ಕ್‌ನೆಟ್‌ನ ಕೇಬಲ್ 93 ಓಮ್‌ನದು, ಟಿವಿ ಕೇಬಲ್ 75 ಓಮ್‌ನದು, ಇದು 50ರದು. ನೋಟಕ್ಕೆ ಒಂದೇ ಥರ. ಆರ್ಕ್‌ನೆಟ್ಟಿನದಕ್ಕೂ ಇದಕ್ಕೂ ಕನೆಕ್ಟರೂ ಒಂದೇ. ಗೋದಾಮಿನಲ್ಲಿ ಉಳಿದಿದ್ದ ತುಂಡನ್ನು ನಡುವೆ ಸೇರಿಸಿದರೆ ಪ್ರತಿ ಜೋಡಣೆಯಲ್ಲೂ ಸಂಕೇತ ಒಂದಿಷ್ಟು ಹಿಂದಕ್ಕೆ ಪುಟಿಯುತ್ತದೆ. ಕೇಬಲ್ಲಿನೊಳಕ್ಕೆ ಮಿಡಿತ ಕಳಿಸಿ, ಅದು ಮರಳುವ ಸಮಯದಿಂದ ದೋಷದ ದೂರ ಅಳೆಯುವ ದುಬಾರಿ ಯಂತ್ರವೊಂದಿತ್ತು. ಅದಿಲ್ಲದವರು ಅರ್ಧ ಅರ್ಧವಾಗಿ ಕೇಬಲ್ ಬಿಚ್ಚುತ್ತಾ ಹೋಗಬೇಕಿತ್ತು.

ಇಂಥ ಅವಾಂತರಗಳನ್ನು ತೋರಿಸಿಯೇ ಐಬಿಎಂ 1985ರಲ್ಲಿ ಟೋಕನ್ ರಿಂಗನ್ನು ಮಾರುಕಟ್ಟೆಗೆ ತಂದಿತು. ಇಲ್ಲಿ ಡಿಕ್ಕಿಯೇ ಇಲ್ಲ, ಸರದಿ ಬಂದವರಿಗಷ್ಟೇ ಮಾತು. ಕಾಗದದ ಮೇಲೆ ನಿಜಕ್ಕೂ ಸುಂದರ ವ್ಯವಸ್ಥೆ. ಆದರೆ ಅದೂ ಕಾಡಿಸದೆ ಬಿಡಲಿಲ್ಲ. ಎಂಟು ಯಂತ್ರಗಳನ್ನು ಜೋಡಿಸುವ ಅದರ 8228 ಪೆಟ್ಟಿಗೆಯೊಳಗಿನ ರಿಲೇಗಳು ಸಾಗಣೆಯ ಕುಲುಕಾಟಕ್ಕೆ ಸ್ಥಾನ ತಪ್ಪುತ್ತಿದ್ದುದರಿಂದ, ಜೋಡಿಸುವ ಮುನ್ನ ಪ್ರತಿ ತೂತಿಗೂ ಒಂದು ಸಣ್ಣ ಉಪಕರಣ ಸಿಕ್ಕಿಸಿ ಅವನ್ನು ಸರಿಪಡಿಸಬೇಕಿತ್ತು. ವೇಗ 4ರಿಂದ 16 ಮೆಗಾಬಿಟ್ಟಿಗೆ ಏರಿದಾಗ ತಪ್ಪು ವೇಗದ ಒಂದೇ ಕಾರ್ಡು ಒಳನುಗ್ಗಿ ಇಡೀ ವರ್ತುಲವನ್ನು ಉರುಳಿಸಬಲ್ಲದಾಗಿತ್ತು. ಈಥರ್ನೆಟ್ ಜೊತೆ ಸೇತುವೆ ಕಟ್ಟಲು ಹೋದವರ ಪಾಡಂತೂ ಕೇಳುವುದೇ ಬೇಡ. ಒಂದು ಪ್ರತಿ ಬೈಟನ್ನು ಬಲದಿಂದ ಓದಿದರೆ ಇನ್ನೊಂದು ಎಡದಿಂದ ಓದುತ್ತಿತ್ತು.

1988ರಲ್ಲಿ ಡಿಜಿಟಲ್ ಕಂಪನಿಯ ಪಾಲೊ ಆಲ್ಟೊ ಪ್ರಯೋಗಾಲಯದಿಂದ ಒಂದು ಪ್ರಬಂಧ ಬಂತು. ಬರೆದವರು ಡೇವಿಡ್ ಬಾಗ್ಸ್, ಜೆಫ್ರಿ ಮೊಗುಲ್ ಮತ್ತು ಕ್ರಿಸ್ಟಫರ್ ಕೆಂಟ್. ಬಾಗ್ಸ್ ಎಂದರೆ ಹದಿನೈದು ವರ್ಷದ ಹಿಂದೆ ಮೆಟ್‌ಕಾಫ್ ಜೊತೆ ಮೊದಲ ಕೇಬಲ್ ಎಳೆದವರೇ. ಅವರು ಲೆಕ್ಕದ ಸೂತ್ರ ಬಿಟ್ಟು, ನಿಜವಾದ ಯಂತ್ರಗಳನ್ನು ನಿಜವಾದ ಕೇಬಲ್ಲಿಗೆ ಜೋಡಿಸಿ, ಎಲ್ಲವೂ ಒಟ್ಟಿಗೆ ಎಡೆಬಿಡದೆ ಕಳಿಸುವಂತೆ ಮಾಡಿ ಅಳೆದರು. ದೊಡ್ಡ ಪ್ಯಾಕೆಟ್ಟುಗಳಲ್ಲಿ ಕೇಬಲ್ ತನ್ನ 10 ಮೆಗಾಬಿಟ್ಟಿನ ಹತ್ತಿರಹತ್ತಿರಕ್ಕೆ ದುಡಿಯಿತು. ಅತಿ ಚಿಕ್ಕ ಪ್ಯಾಕೆಟ್ಟುಗಳಲ್ಲೂ ಶೇ. 37ರ ಭೂತ ಕಾಣಿಸಲಿಲ್ಲ. ನಿಯಮಪುಸ್ತಕವನ್ನು ಸರಿಯಾಗಿ ಪಾಲಿಸಿದರೆ ಡಿಕ್ಕಿಯೆಂಬುದು ಸರದಿ ಹಂಚಿಕೊಳ್ಳುವ ಅಗ್ಗದ ವಿಧಾನವಷ್ಟೇ. ನರಳಿಸಿದ್ದು ಅಡ್ಡಾದಿಡ್ಡಿ ಕಟ್ಟಿದ ಕಾರ್ಡು, ಚಿಪ್ಪು, ಸಾಫ್ಟ್‌ವೇರ್ ಎಂಬುದು ಪ್ರಬಂಧದ ತಿರುಳು. ನಾನು ಓದಿದ ತಾಂತ್ರಿಕ ಬರಹಗಳಲ್ಲಿ ಇಷ್ಟು ತಣ್ಣಗೆ ಖುಲಾಸೆ ತೀರ್ಪು ಕೊಟ್ಟದ್ದು ಇನ್ನೊಂದಿಲ್ಲ.

ಇಷ್ಟಾದರೂ ದತ್ತಾಂಶ ಕೆಡುವ ಪ್ರಶ್ನೆ ಹಾಗೇ ಇತ್ತು. ಕೇಬಲ್ಲಿನ ಮೇಲೆ ಪ್ಯಾಕೆಟ್ ಕೆಟ್ಟರೆ ಈಥರ್ನೆಟ್‌ನ 32 ಬಿಟ್ಟಿನ ತಾಳೆ ಅದನ್ನು ಹಿಡಿಯುತ್ತದೆ. ಕಾರ್ಡಿನಿಂದ ಮೆಮರಿಗೆ ಹೋಗುವ ದಾರಿಯಲ್ಲಿ ಕೆಟ್ಟರೆ? ಅದಕ್ಕೆಂದೇ ಮೇಲಿನ ಪ್ರೋಟೊಕಾಲಿನಲ್ಲಿ ಇನ್ನೊಂದು ತಾಳೆ ಇದೆ. ಎನ್‌ಎಫ್‌ಎಸ್ ಮೂಲಕ ಫೈಲು ಹಂಚುವ ವೇಗ ಹೆಚ್ಚಿಸಲು ಕೆಲವು ಕಂಪನಿಗಳು ಆ ಎರಡನೇ ತಾಳೆಯನ್ನು ಡೀಫಾಲ್ಟ್ ಆಗಿಯೇ ನಿಲ್ಲಿಸಿಬಿಟ್ಟವು. ಸನ್‌ಓಎಸ್‌ನ ಹಳೆಯ ಆವೃತ್ತಿಗಳಲ್ಲಿ ಹಾಗೇ ಇತ್ತು. ದೋಷವಿರುವ ಕಾರ್ಡೊಂದು ಮೌನವಾಗಿ ಕೆಡಿಸಿದ ಬೈಟು ನೇರವಾಗಿ ಡಿಸ್ಕಿಗೆ ಹೋಗಿ ಕೂರಲು ಯಾವ ಅಡ್ಡಿಯೂ ಇರಲಿಲ್ಲ. ಕುಂಟುವ ನೆಟ್‌ವರ್ಕ್ ಬೈಗುಳ ತಿನ್ನುತ್ತದೆ, ಇದು ಸದ್ದಿಲ್ಲದೆ ತಪ್ಪು ಬರೆದು ಹೋಗುತ್ತದೆ. ನನಗೆ ಈ ಕಾಲದ ಅತ್ಯಂತ ಅಕ್ಷಮ್ಯ ನಿರ್ಧಾರ ಇದೇ.

ಪರಿಹಾರ ಪುಸ್ತಕದಿಂದ ಬರಲಿಲ್ಲ, ಯಂತ್ರಗಳನ್ನು ಮುಖಾಮುಖಿ ಕೂರಿಸಿದ್ದರಿಂದ ಬಂತು. ಡ್ಯಾನ್ ಲಿಂಚ್ 1986ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಕರೆದ ಕಾರ್ಯಾಗಾರ 1988ರ ಹೊತ್ತಿಗೆ ಇಂಟರಾಪ್ ಎಂಬ ಪ್ರದರ್ಶನವಾಗಿ ಬೆಳೆಯಿತು. ಮಳಿಗೆ ಹಾಕಿದವರು ತಮ್ಮ ಪೆಟ್ಟಿಗೆಯನ್ನು ಸಭಾಂಗಣದ ಒಂದೇ ನೆಟ್‌ವರ್ಕಿಗೆ ಜೋಡಿಸಿ ತೋರಿಸಬೇಕು. ಬಣ್ಣದ ಕರಪತ್ರ ಹಿಡಿದು ನಿಂತವನ ಯಂತ್ರ ಪಕ್ಕದ ಮಳಿಗೆಯವನ ಯಂತ್ರದೊಡನೆ ಮಾತಾಡದಿದ್ದರೆ ಗಿರಾಕಿಗಳೆದುರೇ ಮರ್ಯಾದೆ ಹೋಗುತ್ತಿತ್ತು. ಎಂಜಿನಿಯರುಗಳು ಅಲ್ಲೇ ಕೂತು ರಾತ್ರೋರಾತ್ರಿ ಕೋಡು ತಿದ್ದುತ್ತಿದ್ದರು. ಅದೇ 1988ರಲ್ಲಿ ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯ ಎಫ್‌ಡಿಡಿಐ ಎಂಬ ವೇಗದ ವರ್ತುಲ ಜಾಲಕ್ಕೆಂದು ಎರಡು ಕಂಪನಿಗಳ ಉಪಕರಣ ಪರೀಕ್ಷಿಸಿದಾಗ ಒಂದಕ್ಕೊಂದು ಹೊಂದಲಿಲ್ಲ. ಇಬ್ಬರನ್ನೂ ಕರೆಸಿ ಕೂರಿಸಿದರು. ಒಬ್ಬರು ನಿಯಮದ ಕರಡನ್ನು, ಇನ್ನೊಬ್ಬರು ಅಂತಿಮ ಪ್ರತಿಯನ್ನು ಅನುಸರಿಸಿದ್ದರು! ಆ ಪಂಚಾಯಿತಿಯಿಂದ ಹುಟ್ಟಿದ ಪ್ರಯೋಗಾಲಯ ಇಂದಿಗೂ ಹೊಂದಾಣಿಕೆಯ ಪರೀಕ್ಷೆ ನಡೆಸುತ್ತಿದೆ. 1989ರ ಅಕ್ಟೋಬರಿನಲ್ಲಿ ಬಾಬ್ ಬ್ರೇಡನ್ ಸಂಪಾದಿಸಿದ ಎರಡು ದಾಖಲೆಗಳು, ಇಂಟರ್ನೆಟ್ಟಿಗೆ ಸೇರುವ ಪ್ರತಿ ಯಂತ್ರ ಏನು ಮಾಡಬೇಕು, ಏನು ಮಾಡಕೂಡದು ಎಂದು ಬಿಡಿಸಿ ಹೇಳಿದವು. ಸೊನ್ನೆ-ಒಂದುಗಳ ಜಗಳಕ್ಕೂ, ಪರೋಪಕಾರಿ ಯಂತ್ರಗಳಿಗೂ ಅಲ್ಲಿ ಮದ್ದಿದೆ.

ನಮ್ಮಲ್ಲೂ ಇದೇ ಕಾಲ. 1986ರಲ್ಲಿ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ಯುಎನ್‌ಡಿಪಿ ನೆರವಿನಿಂದ ಅರ್ನೆಟ್ ಶುರುಮಾಡಿದಾಗ ಅದರ ಎಂಟು ಪಾಲುದಾರರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಗೆಲ್ಲುವ ಪ್ರೋಟೊಕಾಲ್ ಯಾವುದೆಂದು ಜಗತ್ತಿಗೇ ಗೊತ್ತಿರಲಿಲ್ಲವಾಗಿ ಅರ್ನೆಟ್ ಇಂಟರ್ನೆಟ್ಟಿನದನ್ನೂ, ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಓಎಸ್‌ಐಯನ್ನೂ ಜೊತೆಜೊತೆಗೆ ಓಡಿಸಿತು. 1995ರ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲ ಸಂಚಾರವೂ ಇಂಟರ್ನೆಟ್ಟಿನ ಪ್ರೋಟೊಕಾಲಿಗೆ ಸರಿದಿತ್ತು.

1990ರಲ್ಲಿ ಟೆಲಿಫೋನಿನಂಥ ತಂತಿಯ 10ಬೇಸ್-ಟಿ ಬಂದು, ಪ್ರತಿ ಯಂತ್ರಕ್ಕೂ ಹಬ್ಬಿನಿಂದ ಪ್ರತ್ಯೇಕ ತಂತಿಯಾಯಿತು. ಒಬ್ಬರ ತಂತಿ ಕಿತ್ತರೆ ಒಬ್ಬರಿಗಷ್ಟೇ ತೊಂದರೆ. ಸ್ವಿಚ್ಚುಗಳು ಬಂದಮೇಲೆ ಎರಡೂ ಬದಿ ಏಕಕಾಲಕ್ಕೆ ಮಾತಾಡುವ ಫುಲ್ ಡುಪ್ಲೆಕ್ಸ್ ಸಾಧ್ಯವಾಗಿ, ಡಿಕ್ಕಿಗೇ ಅವಕಾಶವಿಲ್ಲದಂತಾಯಿತು. 1995ರ 100 ಮೆಗಾಬಿಟ್ ಈಥರ್ನೆಟ್‌ನಲ್ಲಿ, ವೇಗವನ್ನೂ ರೀತಿಯನ್ನೂ ಎರಡು ಬದಿಗಳು ತಾವೇ ಮಾತಾಡಿ ತೀರ್ಮಾನಿಸುವ ಆಟೋ ನೆಗೋಶಿಯೇಷನ್ ಬಂತು. ಹೊಂದಾಣಿಕೆಯ ಗೋಳು ತಪ್ಪಿಸಲೆಂದೇ ಹುಟ್ಟಿದ್ದು ಇದು. ಅನುಭವಿಗಳಿಗೆ ಇದರ ಮೇಲೆ ನಂಬಿಕೆ ಬರಲಿಲ್ಲ. ‘ಇದೆಲ್ಲ ಬೇಡ’ ಎಂದು ಸ್ವಿಚ್ಚಿನ ಪೋರ್ಟನ್ನು ಕೈಯಾರೆ ಫುಲ್ ಡುಪ್ಲೆಕ್ಸ್‌ಗೆ ಕಟ್ಟಿಹಾಕಿದರು. ಹಾಗೆ ಕಟ್ಟಿಹಾಕಿದ ಪೋರ್ಟು ಮಾತುಕತೆಗೆ ಉತ್ತರಿಸುವುದಿಲ್ಲ. ಆ ತುದಿಯ ಕಾರ್ಡು ಉತ್ತರ ಸಿಗದೆ, ನಿಯಮದಂತೆ ಹಳೆಯ ಹಾಫ್ ಡುಪ್ಲೆಕ್ಸ್‌ಗೆ ಇಳಿಯುತ್ತದೆ. ಈಗ ಒಬ್ಬನು ಯಾವಾಗ ಬೇಕಾದರೂ ಮಾತಾಡಬಹುದೆಂದು ನಂಬಿದ್ದಾನೆ, ಇನ್ನೊಬ್ಬನು ಮೌನವಿದ್ದಾಗ ಮಾತ್ರ ಎಂದು. ಪಿಂಗ್ ಮಾಡಿದರೆ ಉತ್ತರ ಬರುತ್ತದೆ, ದೊಡ್ಡ ಫೈಲು ಕಳಿಸಿದರೆ ತೆವಳುತ್ತದೆ. ಒಂದು ಬದಿಯ ಲೆಕ್ಕದಲ್ಲಿ ತಡವಾಗಿ ಆದ ಡಿಕ್ಕಿಗಳು ಏರುತ್ತಲೇ ಇರುತ್ತವೆ, ಇನ್ನೊಂದು ಬದಿಯಲ್ಲಿ ಮುರಿದ ಪ್ಯಾಕೆಟ್ಟುಗಳು. ಆ ಅಂಕಿ ನೋಡಿ ಕೇಬಲ್ ಬದಲಿಸಿದವರು, ‘ಟ್ರಾಫಿಕ್ ಜಾಸ್ತಿಯಾಗಿದೆ’ ಎಂದು ದುಬಾರಿ ಸ್ವಿಚ್ಚು ಕೊಂಡವರು ಈ ಸಲವೂ ಇದ್ದರು.

1999ರಲ್ಲಿ ತಾಮ್ರದ ತಂತಿಯ ಮೇಲಿನ ಗಿಗಾಬಿಟ್ ಈಥರ್ನೆಟ್‌ಗೆ ನಿಯಮ ಬರೆದವರು ಆಟೋ ನೆಗೋಶಿಯೇಷನ್ ಕಡ್ಡಾಯ ಮಾಡಿದರು. ಡಿಕ್ಕಿಗೆ ಎಡೆಯಿರುವ ಹಾಫ್ ಡುಪ್ಲೆಕ್ಸ್ ಕ್ರಮವೂ ಗಿಗಾಬಿಟ್ ನಿಯಮಪುಸ್ತಕದಲ್ಲಿ ಉಳಿದಿತ್ತು. ಅದನ್ನು ಕಟ್ಟಿ ಮಾರಿದವರು ಇಲ್ಲವೆನ್ನುವಷ್ಟು ಕಡಿಮೆ.